ಸೇಶ್ವರ ಸಾಂಖ್ಯವೂ ಆಧುನಿಕ ವಿಜ್ಞಾನವೂ

೧

ತುಂಗಾ ಭದ್ರಾ ನದಿಗಳ ಮೇಲ್ಕಣಿವೆಗಳಲ್ಲಿ, ಒಂದೆರಡು ದಿನಗಳಲ್ಲಿ ನೋಡಿ ಬರಬಹುದಾದಷ್ಟು ಸಮೀಪದಲ್ಲಿ, ಭಾರತೀಯ ದರ್ಶನಗಳ ನಾಲ್ಕು ನೆಲೆಗಳು ಇರುವುವು. ತುಂಗೆಯ ದಡದ ಶೃಂಗೇರಿ ಅದ್ವೈತದ ಪೀಠ. ಕಳಸದ ಬಳಿ ಭದ್ರೆಯ ಅಂಬುತೀರ್ಥದಲ್ಲಿ ದೊಡ್ಡದೊಂದು ಬಂಡೆಯಿದೆ. ಶ್ರೀ ಮಧ್ವಾಚಾರ್ಯರು ಅದನ್ನು ಒಂದೇ ಕೈಯಿಂದ ತಂದಿರಿಸಿದರೆಂದು ಅದರ ಮೇಲೆ ಸಂಸ್ಕೃತದಲ್ಲಿ ಕೆತ್ತಿರುವರು. ಬಾಳೆಹೊನ್ನೂರಿನ ರಂಭಾಪುರೀ ಪೀಠವು ವೀರಶೈವರ ಪಂಚಪೀಠಗಳಲ್ಲಿ ಒಂದು. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯುಂಟು. ಕಳಸ ಕಾರ್ಕಳಗಳನ್ನು ಆಳಿದ ಭೈರರಸರು ಜೈನರಾಗಿದ್ದೂ ಕಳಸೇಶ್ವರನಿಗೆ ನಡೆದುಕೊಂಡವರು.

ಈ ನಾಲ್ಕಕ್ಕೂ ಹೊರತಾದ ಇನ್ನೊಂದು ದರ್ಶನವಿದೆ. ಅದಕ್ಕೆ ನಮ್ಮ ಬೆಟ್ಟಗಳಲ್ಲಿ ಮಠವಿಲ್ಲ, ಪೀಠವಿಲ್ಲ, ಅದರ ಹೆಸರಿನಲ್ಲಿ ನಡೆಯುವ ಉತ್ಸವವೂ ಇಲ್ಲ. ಆದರೂ ಮೇಲೆ ಹೇಳಿದ ಮತಗಳವರೆಲ್ಲರೂ ಅದರೊಡನೆ ವಾದಮಾಡಿರುವರು. ಹಲವರು ಅದರಿಂದ ಸಾಲವನ್ನೂ ಪಡೆದಿರುವರು. ಸತ್ತ್ವ, ರಜಸ್ಸು, ತಮಸ್ಸು, ಪ್ರಕೃತಿ, ಅಹಂಕಾರ ಎಂದು ನಾವು ದಿನವೂ ಮನೆಯಲ್ಲಿ ಆಡುವ ಮಾತುಗಳಿಗೆ ಶಾಸ್ತ್ರರೂಪವನ್ನು ಕೊಟ್ಟುದು ಅದೇ. ಕಪಿಲಮಹರ್ಷಿಯ ಹೆಸರಿನಲ್ಲಿ ಬಂದಿರುವ ಸಾಂಖ್ಯವೇ ಆ ದರ್ಶನ.

ಈಗ ಸಾಂಖ್ಯದ ಮಾತೇಕೆಂದು ವಾಚಕರು ಕೇಳಬಹುದು. ಕಾಲೇಜಿನಿಂದ ರಜೆಗೆ ಬಂದ ಮಕ್ಕಳು, ಪ್ರಕೃತಿಯ ನಿಯಮಗಳೇ ಎಲ್ಲವನ್ನೂ ನಡೆಸುತ್ತಿರುವಾಗ ಈಶ್ವರನಿಗೆ ಕೆಲಸವೇನೆಂದು ಕೇಳುವರು. ಮನೆಯ ಹಿರಿಯರು, ನಿಮ್ಮ ವಿಜ್ಞಾನವೆಲ್ಲ ನಮ್ಮ ಋಷಿಗಳು ಎಂದೋ ಹೇಳಿದ್ದೇ ಎಂದು ಉತ್ತರ ಕೊಡುವರು. ಪ್ರಶ್ನೆ ನ್ಯಾಯವಾದುದು, ಉತ್ತರ ಮಾತ್ರ ಅವಸರದ್ದು. ಮಕ್ಕಳ ಪ್ರಶ್ನೆಯನ್ನೇ ಸಾಂಖ್ಯರು ಸಾವಿರದೈನೂರು ವರ್ಷಗಳ ಹಿಂದೆ ಕೇಳಿದ್ದರು. ಅದಕ್ಕೆ ಸಾಂಖ್ಯದ ಒಳಗಿನಿಂದಲೇ ಉತ್ತರ ಹೇಳಲು ಹೊರಟವರ ಮತಕ್ಕೆ ಸೇಶ್ವರ ಸಾಂಖ್ಯವೆಂದು ಹೆಸರು. ಅವರ ಉತ್ತರದಲ್ಲಿ ಇಂದಿಗೂ ನಿಲ್ಲತಕ್ಕದ್ದು ಯಾವುದು, ನಿಲ್ಲದುದು ಯಾವುದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ಸಾಂಖ್ಯದ ಪ್ರಾಚೀನತೆಯ ವಿಷಯದಲ್ಲಿ ಸಂದೇಹವಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಆನ್ವೀಕ್ಷಿಕೀ ವಿದ್ಯೆಯೆಂದರೆ ಸಾಂಖ್ಯ, ಯೋಗ, ಲೋಕಾಯತಗಳೆಂದು ಹೇಳಿದೆ. ವೇದಾಂತಕ್ಕೆ ಅಲ್ಲಿ ಸ್ಥಾನವಿಲ್ಲ. ಹೇತುವಾದದಿಂದ ಲೋಕವನ್ನು ಪರೀಕ್ಷಿಸುವ ಶಾಸ್ತ್ರವೆಂದು ಸಾಂಖ್ಯಕ್ಕೆ ಅಂದು ಅಷ್ಟು ಗೌರವವಿದ್ದಿತು. ಈಗ ದೊರೆಯುವ ಗ್ರಂಥಗಳಲ್ಲಿ ಪ್ರಮಾಣವಾದುದು ಈಶ್ವರಕೃಷ್ಣನ ಸಾಂಖ್ಯಕಾರಿಕೆ. ಆರನೆಯ ಶತಮಾನದಲ್ಲಿ ಪರಮಾರ್ಥನೆಂಬ ಬೌದ್ಧಭಿಕ್ಷು ಅದನ್ನು ವ್ಯಾಖ್ಯಾನಸಹಿತವಾಗಿ ಚೀನೀ ಭಾಷೆಗೆ ತಂದನು.

ಈ ದರ್ಶನದ ಸಾರವನ್ನು ಸಂಗ್ರಹವಾಗಿ ಹೇಳಬಹುದು. ತತ್ತ್ವಗಳು ಇಪ್ಪತ್ತೈದು. ಪುರುಷನು ಕೇವಲ ಸಾಕ್ಷಿ, ಏನನ್ನೂ ಮಾಡನು. ಉಳಿದುದೆಲ್ಲವೂ ಪ್ರಕೃತಿ ಮತ್ತು ಅದರ ವಿಕಾರ. ಮೂರು ಗುಣಗಳು ಸಮವಾಗಿ ನಿಂತಿರುವ ಸ್ಥಿತಿಯೇ ಮೂಲಪ್ರಕೃತಿ; ಆ ಸಾಮ್ಯ ಕದಡಿದಾಗ ಮಹತ್ತು ಅಥವಾ ಬುದ್ಧಿ, ಅದರಿಂದ ಅಹಂಕಾರ, ಅದರಿಂದ ಮನಸ್ಸು, ಹತ್ತು ಇಂದ್ರಿಯಗಳು, ಐದು ತನ್ಮಾತ್ರೆಗಳು, ತನ್ಮಾತ್ರೆಗಳಿಂದ ಐದು ಭೂತಗಳು ಉಂಟಾಗುವುವು. ಇಲ್ಲದುದು ಎಂದಿಗೂ ಹುಟ್ಟದು. ಎಣ್ಣೆಯು ಎಳ್ಳಿನಲ್ಲಿ ಇದ್ದಂತೆ ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುವುದು. ಇದಕ್ಕೆ ಸತ್ಕಾರ್ಯವಾದವೆಂದು ಹೆಸರು.

ಈ ವ್ಯವಸ್ಥೆಯಲ್ಲಿ ಈಶ್ವರನಿಗೆ ಈಶ್ವರಕೃಷ್ಣನು ಸ್ಥಳವನ್ನೇ ಇಟ್ಟಿಲ್ಲ. ಹೆಸರಿನಲ್ಲಿ ಈಶ್ವರನಿದ್ದು ಗ್ರಂಥದಲ್ಲಿ ಇಲ್ಲದಿರುವುದು ಒಂದು ವಿನೋದ. ಜಡವಾದ ಪ್ರಕೃತಿ ಒಂದು ಪ್ರಯೋಜನಕ್ಕಾಗಿ ತಾನೇ ಹೇಗೆ ಕೆಲಸಮಾಡೀತು ಎಂಬ ಆಕ್ಷೇಪಕ್ಕೆ ಅವನು ಹಸುವಿನ ಹಾಲನ್ನು ತೋರಿಸುವನು. ಕರುವಿನ ಪೋಷಣೆಗಾಗಿ ಹಾಲು ಹರಿಯುವುದು. ಹಾಲಿಗೆ ತಾನು ಕರುವನ್ನು ಸಾಕುತ್ತಿರುವೆನೆಂಬ ಅರಿವೇನೂ ಇಲ್ಲ. ಅದರಂತೆ ಪ್ರಕೃತಿಯೂ ಅರಿವಿಲ್ಲದೆ ಪುರುಷನ ಪ್ರಯೋಜನವನ್ನು ನಡೆಸುವುದೆಂದು ಅವನ ಮತ.

ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಇದೇ ದೃಷ್ಟಾಂತವನ್ನು ಹಿಡಿದು ಪ್ರತ್ಯುತ್ತರ ಕೊಡುವರು. ಹಸುವಿಗೆ ಕರುವಿನ ಮೇಲೆ ವಾತ್ಸಲ್ಯವಿದೆ, ಕರು ಮೊಲೆಯನ್ನು ಚೀಪುವುದು. ಆದುದರಿಂದ ಹಾಲು ಇಳಿಯುವುದು. ಅಲ್ಲಿ ಚೇತನವೇ ಪ್ರೇರಕ. ಹುಲ್ಲು ತಾನಾಗಿ ಹಾಲಾಗುವುದೆಂದರೆ, ಎತ್ತು ತಿಂದ ಹುಲ್ಲು ಏಕೆ ಹಾಲಾಗದು ಎಂದು ಅವರು ಕೇಳುವರು. ಇಂದಿನ ಶರೀರಶಾಸ್ತ್ರವು ಈ ವಾದದಲ್ಲಿ ಇಬ್ಬರಿಗೂ ಅರ್ಧಾರ್ಧ ಜಯವನ್ನು ಕೊಡುವಂತಿದೆ. ಕರು ಚೀಪಿದಾಗ ನರಗಳ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿ, ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ದ್ರವ್ಯವು ರಕ್ತಕ್ಕೆ ಸೇರಿ, ಕೆಚ್ಚಲಿನ ಸಣ್ಣ ಸ್ನಾಯುಗಳು ಸಂಕುಚಿತವಾಗಿ ಹಾಲು ಇಳಿಯುವುದು. ಕರುವನ್ನು ಬಿಡದೆ ಹಾಲು ಇಳಿಸದ ಹಸುವನ್ನು ಕಂಡವರಿಗೆ ಶಂಕರರ ಅವಲೋಕನ ದಿಟವೆಂದು ತಿಳಿಯುವುದು. ಆದರೆ ಹಾಲಿಗಾಗಲಿ ಗ್ರಂಥಿಗಾಗಲಿ ಉದ್ದೇಶದ ಅರಿವಿಲ್ಲವೆಂಬ ಸಾಂಖ್ಯದ ಮಾತೂ ಸುಳ್ಳಲ್ಲ.

೩

ಸಾಂಖ್ಯವು ಮೊದಲಿನಿಂದಲೂ ನಿರೀಶ್ವರವಾಗಿದ್ದಿತೆ? ಹಾಗೆ ಹೇಳುವುದು ಕಷ್ಟ. ಶ್ವೇತಾಶ್ವತರೋಪನಿಷತ್ತಿನಲ್ಲಿ ಪ್ರಕೃತಿಯು ಮಾಯೆಯೆಂದೂ ಮಹೇಶ್ವರನು ಆ ಮಾಯೆಯ ಒಡೆಯನೆಂದೂ ಹೇಳಿದೆ. ಭಗವದ್ಗೀತೆಯಲ್ಲಿ ಚರಾಚರಗಳನ್ನು ಹೆರುವುದು ಪ್ರಕೃತಿಯೇ; ಭಗವಂತನು ಅದರ ಅಧ್ಯಕ್ಷ. ಮಹಾಭಾರತದ ಮೋಕ್ಷಧರ್ಮದಲ್ಲಿ ಇಪ್ಪತ್ತೈದರ ಮೇಲೆ ಇಪ್ಪತ್ತಾರನೆಯ ತತ್ತ್ವದ ಮಾತು ಬರುವುದು. ಭಾಗವತದ ತೃತೀಯಸ್ಕಂಧದಲ್ಲಿ ಕಪಿಲನು ಸಾಕ್ಷಾತ್ ವಿಷ್ಣುವಿನ ಅವತಾರ. ತಾಯಿಯಾದ ದೇವಹೂತಿಗೆ ಅವನು ಉಪದೇಶಿಸುವ ಸಾಂಖ್ಯ ಭಕ್ತಿಯಲ್ಲಿ ಮುಗಿಯುವುದು. ನಮ್ಮ ನಾಡಿನ ಗೃಹಸ್ಥರು ಹದಿನಾರನೆಯ ಶತಮಾನದ ಚಾಟುವಿಠಲನಾಥನ ಕನ್ನಡ ಭಾಗವತದಲ್ಲಿಯೂ ಪುರಾಣ ಹೇಳುವವರ ಬಾಯಲ್ಲಿಯೂ ಕೇಳಿ ತಿಳಿದ ಕಪಿಲನು ಇವನೇ, ಕಾರಿಕೆಯ ಕಪಿಲನಲ್ಲ.

ಸೇಶ್ವರ ಸಾಂಖ್ಯವೆಂಬ ಹೆಸರನ್ನು ಶಾಸ್ತ್ರೀಯವಾದ ಅರ್ಥದಲ್ಲಿ ಬಳಸಿರುವ ಪ್ರಸಿದ್ಧಗ್ರಂಥವಾದರೋ ನಮ್ಮ ಬೆಟ್ಟಗಳಿಗೇ ಸಂಬಂಧಪಟ್ಟುದು. ಹದಿನಾಲ್ಕನೆಯ ಶತಮಾನದ ಸರ್ವದರ್ಶನಸಂಗ್ರಹವು ಶೃಂಗೇರಿಯ ವಿದ್ಯಾರಣ್ಯರದೆಂದು ಸಂಪ್ರದಾಯ ಹೇಳುವುದು. ಕರ್ತೃತ್ವದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಚಾರ್ವಾಕನಿಂದ ಮೊದಲ್ಗೊಂಡು ಒಂದೊಂದು ಮತವನ್ನೂ ಅದರದೇ ಮಾತಿನಲ್ಲಿ ನಿರೂಪಿಸುತ್ತ ಮೇಲೇರುವ ಆ ಗ್ರಂಥದಲ್ಲಿ, ಸಾಂಖ್ಯಕ್ಕೂ ಪಾತಂಜಲಕ್ಕೂ ದೊರೆತಿರುವುದು ಶಾಂಕರದರ್ಶನಕ್ಕೆ ಕೆಳಗಿನ ಎರಡು ಮೆಟ್ಟಿಲು. ಕಪಿಲನದು ನಿರೀಶ್ವರ ಸಾಂಖ್ಯ. ಪತಂಜಲಿಯದು ಸೇಶ್ವರ ಸಾಂಖ್ಯ. ಎರಡು ಶಾಸ್ತ್ರಗಳಿಗೂ ಪ್ರಕೃತಿ ಒಂದೇ, ಪರಿಣಾಮಕ್ರಮವೂ ಒಂದೇ. ಭೇದವಿರುವುದು ಈಶ್ವರನ ವಿಷಯದಲ್ಲಿ.

ಆದರೆ ಪತಂಜಲಿಯ ಈಶ್ವರನು ಎಂತಹವನು? ಕ್ಲೇಶವೂ ಕರ್ಮವೂ ಸೋಂಕದ ಒಬ್ಬ ವಿಶೇಷಪುರುಷ, ಸರ್ವಜ್ಞ, ಕಾಲದ ಕಟ್ಟಿಲ್ಲದವನಾದುದರಿಂದ ಪೂರ್ವಿಕರಿಗೂ ಗುರು. ಯೋಗಸೂತ್ರದಲ್ಲಿ ಅವನನ್ನು ಜಗತ್ತಿನ ಸೃಷ್ಟಿಕರ್ತನೆಂದು ಎಲ್ಲಿಯೂ ಹೇಳಿಲ್ಲ. ಈ ಮೌನವನ್ನು ವಾಚಕರು ನೆನಪಿನಲ್ಲಿಡಬೇಕು.

೪

ಈಶ್ವರನು ಜಗತ್ತನ್ನು ಮಾಡದಿದ್ದರೆ, ಪ್ರಕೃತಿಗೂ ಅವನಿಗೂ ಸಂಬಂಧವೇನು? ಇದಕ್ಕೆ ಯೋಗಶಾಸ್ತ್ರವು ಬೇಸಾಯದಿಂದ ತೆಗೆದ ಒಂದು ದೃಷ್ಟಾಂತವನ್ನು ಕೊಡುವುದು. ಮಲೆನಾಡಿನ ಗದ್ದೆಯ ಕೋವುಗಳನ್ನು ನೋಡಿದವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಒಂದು ಗದ್ದೆಯಲ್ಲಿ ನೀರು ತುಂಬಿದೆ; ಕೆಳಗಿನ ಗದ್ದೆಗೆ ಅದನ್ನು ಹಾಯಿಸಬೇಕು. ಬೇಸಾಯಗಾರನು ನೀರನ್ನು ಕೈಯಿಂದ ಎಳೆದೊಯ್ಯುವನೆ? ಇಲ್ಲ. ಅವನು ಬದುವನ್ನು ಕಡಿಯುವನು. ನೀರು ತಾನಾಗಿ ಇಳಿಯುವುದು. ಮಣ್ಣಿನ ಸಾರವನ್ನು ಪೈರಿನ ಬೇರಿನೊಳಗೆ ಅವನು ತುಂಬುವನೆ? ಅದೂ ಇಲ್ಲ. ಕಳೆಯನ್ನು ಕೀಳುವನು, ಸಾರವು ತಾನಾಗಿ ಬೇರನ್ನು ಸೇರುವುದು. ನಿಮಿತ್ತಕಾರಣವು ಪ್ರಕೃತಿಯನ್ನು ತಳ್ಳಿ ನಡೆಸುವುದಲ್ಲ, ತಡೆಯನ್ನು ಮಾತ್ರ ತೆಗೆಯುವುದು. ಇದಕ್ಕೆ ವರಣಭೇದವೆಂದು ಹೆಸರು. ಮೂಲದಲ್ಲಿ ಇದು ಧರ್ಮಾಧರ್ಮಗಳ ವಿಷಯವಾಗಿ ಬಂದ ಮಾತು. ವಾಚಸ್ಪತಿಮಿಶ್ರನು ಅದನ್ನು ಈಶ್ವರನಿಗೂ ಅನ್ವಯಿಸಿ, ಈಶ್ವರನ ವ್ಯಾಪಾರವೂ ಪ್ರತಿಬಂಧಕವನ್ನು ನೀಗುವುದಷ್ಟೇ ಎಂದನು.

ಹದಿನಾರನೆಯ ಶತಮಾನದ ವಿಜ್ಞಾನಭಿಕ್ಷುವು ಇನ್ನೊಂದು ಹೆಜ್ಜೆ ಮುಂದೆ ಹೋದನು. ಸಾಂಖ್ಯಸೂತ್ರದಲ್ಲಿ ಈಶ್ವರನು ಸಿದ್ಧನಾಗಿಲ್ಲವೆಂದು ಹೇಳಿದೆಯೇ ಹೊರತು ಈಶ್ವರನು ಇಲ್ಲವೆಂದು ಹೇಳಿಲ್ಲ. ಇಲ್ಲವೆಂಬುದೇ ಸೂತ್ರಕಾರನ ಅಭಿಪ್ರಾಯವಾಗಿದ್ದರೆ ಅಭಾವವೆಂಬ ಪದವನ್ನೇ ಬಳಸುತ್ತಿದ್ದನು ಎಂದು ಅವನು ವಾದಿಸಿದನು. ಪ್ರಮಾಣಕ್ಕೆ ಎಟುಕದಿರುವುದು ಬೇರೆ, ಇಲ್ಲದಿರುವುದು ಬೇರೆ. ಆದರೆ ಭಿಕ್ಷುವು ಇಷ್ಟಕ್ಕೆ ನಿಲ್ಲಲಿಲ್ಲ. ಸಮವಾಗಿ ನಿಂತ ಗುಣಗಳನ್ನು ಮೊತ್ತಮೊದಲು ಕದಡಿದವನಾರು? ಪುರುಷನ ಸಾನ್ನಿಧ್ಯವೇ ಸಾಕೆನ್ನಲಾಗದು. ಸಾನ್ನಿಧ್ಯ ಸದಾ ಇರುವಾಗ ಕದಡುವುದು ಒಮ್ಮೆ ಮಾತ್ರ ಏಕೆ? ಆದುದರಿಂದ ಆ ಮೊದಲ ಕ್ಷೋಭವು ಈಶ್ವರನ ಇಚ್ಛೆಯಿಂದಾಯಿತೆಂದು ಅವನು ನಿರ್ಣಯಿಸಿದನು.

ನಮ್ಮ ಬೆಟ್ಟಗಳ ಮತಗಳು ಇದನ್ನು ಒಪ್ಪಿಕೊಳ್ಳಲಿಲ್ಲ. ಶೃಂಗೇರಿಯ ಅದ್ವೈತಕ್ಕೆ ಪ್ರಕೃತಿಯ ಸ್ವತಂತ್ರಸತ್ತೆಯೇ ಸಮ್ಮತವಲ್ಲ. ಮಧ್ವರಿಗೆ ಪ್ರಕೃತಿ ಸತ್ಯ. ಜಗತ್ತಿಗೆ ಅದು ಉಪಾದಾನಕಾರಣ, ಹರಿಯು ನಿಮಿತ್ತಕಾರಣ. ಮೇಲುನೋಟಕ್ಕೆ ಇದು ಸೇಶ್ವರ ಸಾಂಖ್ಯವೇ ಎಂದು ತೋರಬಹುದು. ಆದರೆ ಶಂಕರರು ಹುಲ್ಲು ಹಾಲುಗಳ ವಿಷಯವಾಗಿ ವ್ಯಾಖ್ಯಾನಿಸಿದ ಸೂತ್ರವನ್ನು ಮಧ್ವರು ಸೇಶ್ವರ ಸಾಂಖ್ಯದ ಖಂಡನೆಯೆಂದೇ ವ್ಯಾಖ್ಯಾನಿಸಿದರು. ಈಶ್ವರನು ಪ್ರಕೃತಿಗೆ ಸಹಾಯಕನೆಂದರೆ ಅವರಿಗೆ ಸಾಲದು. ಪ್ರಕೃತಿಯ ಇರವೂ ಪ್ರವೃತ್ತಿಯೂ ಕ್ಷಣಕ್ಷಣಕ್ಕೂ ಅವನ ಅಧೀನ. ಬಾಳೆಹೊನ್ನೂರಿನ ಶೈವಾಗಮಸಂಪ್ರದಾಯವು ಸಾಂಖ್ಯದ ಇಪ್ಪತ್ತೈದನ್ನೂ ಒಪ್ಪಿಕೊಂಡು ಅವುಗಳ ಮೇಲೆ ಹನ್ನೊಂದನ್ನು ಇರಿಸಿ ಮೂವತ್ತಾರು ತತ್ತ್ವಗಳ ಸೋಪಾನವನ್ನು ಕಟ್ಟಿತು. ಜೈನರು ಸೃಷ್ಟಿಕರ್ತನನ್ನು ಒಪ್ಪದೆ, ಚಲನೆಗೆ ಆಸರೆಯಾದ ಧರ್ಮದ್ರವ್ಯವು ಮೀನಿಗೆ ನೀರಿನಂತೆ, ತಳ್ಳದೆಯೇ ನೆರವಾಗುವುದೆಂದರು. ಒಂದೇ ಪ್ರಶ್ನೆಗೆ ಇಷ್ಟು ಉತ್ತರಗಳು ಇಷ್ಟು ಹತ್ತಿರದಲ್ಲಿ ಬಾಳಿಕೊಂಡು ಬಂದುವು.

೫

ಸಾಂಖ್ಯವನ್ನು ಪಾಶ್ಚಾತ್ಯ ವಿಜ್ಞಾನದ ಪಕ್ಕದಲ್ಲಿರಿಸಿ ನೋಡಿದ ದೊಡ್ಡ ಪ್ರಯತ್ನವೂ ನಮ್ಮ ನಾಡಿಗೆ ದೂರದ್ದಲ್ಲ. ೧೯೨೦ರ ದಶಕದಲ್ಲಿ, ೧೯೩೦ರ ವರೆಗೆ, ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲರು, ಹಿಂದೂ ರಸಾಯನಶಾಸ್ತ್ರದ ಚರಿತ್ರೆಯನ್ನು ಬರೆದ ಪ್ರಫುಲ್ಲಚಂದ್ರ ರಾಯರ ಗ್ರಂಥದ ಎರಡನೆಯ ಸಂಪುಟಕ್ಕೆ ೧೯೦೯ರಲ್ಲಿ ಒಂದು ಪ್ರಕರಣವನ್ನು ಬರೆದುಕೊಟ್ಟರು. ಮುಂದೆ ೧೯೧೫ರಲ್ಲಿ ಪ್ರಾಚೀನ ಹಿಂದೂಗಳ ವಿಜ್ಞಾನಗಳ ವಿಷಯವಾದ ತಮ್ಮದೇ ಇಂಗ್ಲಿಷ್ ಗ್ರಂಥದಲ್ಲಿ ಅದನ್ನು ಸೇರಿಸಿದರು. ಸೀಲರು ಮುಖ್ಯವಾಗಿ ಹಿಡಿದುದು ಕಾರಿಕೆಯ ಸಾಂಖ್ಯವೊಂದನ್ನೇ ಅಲ್ಲ. ಸಾಂಖ್ಯಪಾತಂಜಲಗಳನ್ನು ಒಟ್ಟಾಗಿ ಹಿಡಿದರು. ಸತ್ತ್ವವನ್ನು ಬುದ್ಧಿದ್ರವ್ಯವೆಂದೂ, ರಜಸ್ಸನ್ನು ಶಕ್ತಿಯೆಂದೂ, ತಮಸ್ಸನ್ನು ಜಡರಾಶಿಯೆಂದೂ ಅವರು ವಿವರಿಸಿದರು. ಸತ್ಕಾರ್ಯವಾದದಲ್ಲಿ ಶಕ್ತಿಯ ನಿತ್ಯತೆಯನ್ನೂ, ವರಣಭೇದದಲ್ಲಿ ಅಡಗಿದ ಶಕ್ತಿಯ ಬಿಡುಗಡೆಯನ್ನೂ ಕಂಡರು.

ಸೀಲರ ಪಾಂಡಿತ್ಯಕ್ಕೆ ತಲೆಬಾಗಬೇಕು. ನಮ್ಮವರು ಕೇವಲ ಪರಲೋಕಚಿಂತಕರೆಂದು ಹಲವರು ಹೇಳುತ್ತಿದ್ದ ಕಾಲದಲ್ಲಿ, ಭೌತಪ್ರಪಂಚದ ವಿಷಯವಾಗಿ ಅವರು ಮಾಡಿದ ಆಳವಾದ ವಿಚಾರವನ್ನು ಮೂಲಗ್ರಂಥಗಳಿಂದಲೇ ಎತ್ತಿ ತೋರಿಸಿದ್ದು ಸಣ್ಣ ಸೇವೆಯಲ್ಲ. ಆದರೆ ಅವರ ಗ್ರಂಥವನ್ನು ಓದದೆ ಅದರ ಕೀರ್ತಿಯನ್ನು ಮಾತ್ರ ಕೇಳಿದವರು, ಹೋಲಿಕೆಯನ್ನು ಐಕ್ಯವೆಂದು ತಿಳಿದರು. ಇಲ್ಲಿ ಎಚ್ಚರಿಕೆ ಬೇಕು.

ಶಕ್ತಿನಿತ್ಯತೆಯ ನಿಯಮವು ಯೂರೋಪಿನಲ್ಲಿ ೧೮೪೦ರ ದಶಕದಲ್ಲಿ ಮಾಯರ್, ಜೂಲ್, ಹೆಲ್ಮ್‌ಹೋಲ್ಟ್ಸ್ ಇವರಿಂದ ಸ್ಥಾಪಿತವಾಯಿತು. ಜೂಲನು ತೂಕದ ಗುಂಡುಗಳನ್ನು ಇಳಿಯಬಿಟ್ಟು, ಅವು ತಿರುಗಿಸುವ ಹಲಗೆಗಳಿಂದ ನೀರನ್ನು ಕಲಕಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದನು. ಎಷ್ಟು ತೂಕ ಎಷ್ಟು ಕೆಳಗಿಳಿದರೆ ಎಷ್ಟು ಉಷ್ಣವೆಂಬ ಲೆಕ್ಕವೇ ಆ ನಿಯಮದ ಜೀವ. ಸಾಂಖ್ಯವು ಇಲ್ಲದುದು ಹುಟ್ಟದೆಂದಿತು. ಇದ್ದುದು ಎಷ್ಟೆಂದು ಕೇಳಲಿಲ್ಲ. ರಜಸ್ಸಿಗೆ ಮಾನವಿಲ್ಲ, ತಮಸ್ಸಿಗೆ ತಕ್ಕಡಿಯಿಲ್ಲ. ಅಲ್ಲದೆ ಗುಣಗಳು ಸುಖದುಃಖಮೋಹಗಳ ಸ್ವರೂಪವೂ ಆಗಿರುವುವು. ಭೌತಶಾಸ್ತ್ರದ ಶಕ್ತಿಗೆ ದುಃಖವಿಲ್ಲ.

ಪರಿಣಾಮವಾದ ಮತ್ತು ಡಾರ್ವಿನನು ೧೮೫೯ರಲ್ಲಿ ಪ್ರಕಟಿಸಿದ ವಿಕಾಸವಾದಗಳ ವಿಷಯವೂ ಹಾಗೆಯೇ. ಸಾಂಖ್ಯದಲ್ಲಿ ಮುಂದಿನದು ಹಿಂದಿನದರಲ್ಲಿ ಮೊದಲೇ ಅಡಗಿದೆ. ಎಲ್ಲವೂ ಪುರುಷನ ಭೋಗಮೋಕ್ಷಗಳಿಗಾಗಿ ನಡೆಯುವುದು. ಡಾರ್ವಿನನ ವಿಕಾಸದಲ್ಲಿ ಗುರಿಯೇ ಇಲ್ಲ. ಹಲವು ಭೇದಗಳು ಹುಟ್ಟಿ, ನೆಲೆಗೆ ಹೊಂದಿದುದು ಉಳಿಯುವುದು. ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ ಕಾದಂಬರಿಯನ್ನು (೧೯೮೦) ಓದಿದವರಿಗೆ, ಈ ಗುರಿಯಿಲ್ಲದ ಸೃಷ್ಟಿಯ ಬೆರಗನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಹೋಲಿಕೆಯ ಅವಸರಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ೧೮೯೬ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಅಮೆರಿಕದಿಂದ ಬರೆದ ಒಂದು ಪತ್ರದಲ್ಲಿ, ದ್ರವ್ಯವೂ ಬಲವೂ ಒಂದೇ ಶಕ್ತಿಯ ರೂಪಗಳೆಂದು ಗಣಿತದಿಂದ ತೋರಿಸಬಲ್ಲೆನೆಂದು ವಿದ್ಯುತ್ ಶಾಸ್ತ್ರಜ್ಞ ಟೆಸ್ಲಾ ಭಾವಿಸಿರುವುದಾಗಿ ಸಂತೋಷದಿಂದ ತಿಳಿಸಿದರು. ಟೆಸ್ಲಾನಿಂದ ಆ ಗಣಿತ ಹೊರಬರಲಿಲ್ಲ. ದ್ರವ್ಯಕ್ಕೂ ಶಕ್ತಿಗೂ ಇರುವ ಸಂಬಂಧವನ್ನು ೧೯೦೫ರಲ್ಲಿ ಐನ್‌ಸ್ಟೈನನು ಸಾಧಿಸಿದನು; ಅವನು ಹಿಡಿದ ದಾರಿ ಬೆಳಕಿನ ವೇಗದ ವಿಚಾರ, ಆಕಾಶಪ್ರಾಣಗಳದಲ್ಲ. ದರ್ಶನಕ್ಕೆ ವಿಜ್ಞಾನದ ಸಾಕ್ಷ್ಯವನ್ನು ತರಲು ಹೋದವರು ಸಾಕ್ಷಿಯು ಬರುವ ಮೊದಲೇ ತೀರ್ಪನ್ನು ಓದಬಾರದು.

೬

ಹಾಗಾದರೆ ಸೇಶ್ವರ ಸಾಂಖ್ಯದಿಂದ ಇಂದಿನವರಿಗೆ ಪ್ರಯೋಜನವಿಲ್ಲವೆ? ಇದೆ. ಎರಡು ವಿಷಯಗಳಲ್ಲಿ ಅದು ಬಹು ಬೆಲೆಯುಳ್ಳದ್ದೆಂದು ನಮಗೆ ತೋರುವುದು.

ಮೊದಲನೆಯದು ಮನಸ್ಸಿನ ವಿಚಾರ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಡೆಕಾರ್ಟನು ಜಗತ್ತನ್ನು ಎರಡಾಗಿ ಸೀಳಿ, ಆಲೋಚನೆಯನ್ನು ಆತ್ಮದ ಕಡೆಗೂ ದೇಹವನ್ನು ಯಂತ್ರದ ಕಡೆಗೂ ಹಾಕಿದನು. ಮಿದುಳಿಗೆ ಪೆಟ್ಟುಬಿದ್ದರೆ ನೆನಪು ಹೋಗುವುದು, ಔಷಧದಿಂದ ಕೋಪ ಇಳಿಯುವುದು, ಇವುಗಳನ್ನು ಆ ಮತದಿಂದ ವಿವರಿಸುವುದು ಕಷ್ಟವಾಯಿತು. ಸಾಂಖ್ಯದ ಗೆರೆ ಬೇರೆಡೆ ಇದೆ. ಬುದ್ಧಿ, ಅಹಂಕಾರ, ಮನಸ್ಸು ಎಲ್ಲವೂ ಪ್ರಕೃತಿಯ ಭಾಗ. ಅವು ಜಡನಿಯಮಗಳಿಗೆ ಒಳಪಟ್ಟಿರುವುದರಲ್ಲಿ ಆಶ್ಚರ್ಯವಿಲ್ಲ. ಇವೆಲ್ಲವೂ ಯಾರಿಗೆ ತೋರುವುವೋ ಆ ಸಾಕ್ಷಿ ಮಾತ್ರ ಬೇರೆ. ಮಿದುಳಿನ ಶಾಸ್ತ್ರವು ಇಂದು ಬಹಳ ಮುಂದುವರಿದಿದೆ. ನೆನಪು, ಗಮನ, ನಿರ್ಧಾರಗಳನ್ನು ಕ್ರಮವಾಗಿ ಬಿಡಿಸುತ್ತಿದೆ. ಆದರೆ ಇವೆಲ್ಲ ನಡೆಯುವಾಗ ಅನುಭವವೆಂಬುದು ಏಕಿರಬೇಕು ಎಂಬುದನ್ನು ೧೯೯೫ರಲ್ಲಿ ಡೇವಿಡ್ ಚಾಮರ್ಸ್ ಎಂಬ ತತ್ತ್ವಜ್ಞರು ಕಠಿಣಸಮಸ್ಯೆಯೆಂದು ಕರೆದರು. ಅದಿನ್ನೂ ಎಲ್ಲರೂ ಒಪ್ಪುವಂತೆ ಪರಿಹಾರವಾಗಿಲ್ಲ. ಸಾಂಖ್ಯವು ಅದನ್ನು ಬಿಡಿಸಿತೆಂದು ನಾವು ಹೇಳುವುದಿಲ್ಲ. ಗಂಟು ಎಲ್ಲಿದೆಯೆಂಬುದನ್ನು ಸರಿಯಾಗಿ ತೋರಿಸಿತೆಂದು ಹೇಳಬಹುದು.

ಎರಡನೆಯದು ಈಶ್ವರನ ವಿಚಾರ. ಗ್ರಹಗಳು ಒಂದನ್ನೊಂದು ಎಳೆಯುವುದರಿಂದ ಸೌರಮಂಡಲದ ವ್ಯವಸ್ಥೆ ಮೆಲ್ಲನೆ ಕೆಡುವುದೆಂದೂ, ಕಾಲಕಾಲಕ್ಕೆ ದೇವರು ಅದನ್ನು ಸರಿಪಡಿಸಬೇಕೆಂದೂ ನ್ಯೂಟನ್ನನು ಅಭಿಪ್ರಾಯಪಟ್ಟಿದ್ದನು. ಹಾಗಾದರೆ ನಿಮ್ಮ ದೇವರು ಗಡಿಯಾರವನ್ನು ಆಗಾಗ ರಿಪೇರಿಮಾಡುವವನೋ ಎಂದು ೧೭೧೫ರಲ್ಲಿ ಲೈಬ್ನಿಜ್ಜನು ಹಾಸ್ಯಮಾಡಿದನು. ೧೭೮೫ರ ಸುಮಾರಿನಲ್ಲಿ ಲಾಪ್ಲಾಸನು, ಗುರು ಶನಿಗಳ ಗತಿಯಲ್ಲಿ ಕಂಡ ವ್ಯತ್ಯಾಸವು ಸುಮಾರು ಒಂಬೈನೂರು ವರ್ಷಗಳಿಗೊಮ್ಮೆ ತಾನಾಗಿ ಹಿಂದಿರುಗುವುದೆಂದು ಲೆಕ್ಕದಿಂದ ತೋರಿಸಿದನು. ತಿಳಿಯದ ಕಡೆಯಲ್ಲೆಲ್ಲ ಈಶ್ವರನನ್ನು ನಿಲ್ಲಿಸಿದರೆ, ತಿಳಿವು ಬಂದಂತೆಲ್ಲ ಅವನು ಜಾಗ ಬಿಡಬೇಕಾಗುವುದು.

ವಿಜ್ಞಾನಭಿಕ್ಷುವಿನ ಮೊದಲ ಕ್ಷೋಭಕ್ಕೂ ಇದೇ ಅಪಾಯವಿದೆ. ಸುಮಾರು ೧೩೮೦ ಕೋಟಿ ವರ್ಷಗಳ ಹಿಂದೆ ವಿಶ್ವವು ಬಹು ಸಾಂದ್ರವೂ ಉಷ್ಣವೂ ಆಗಿದ್ದಿತೆಂದು ಇಂದಿನ ಖಗೋಳಜ್ಞರು ಹೇಳುವರು. ಆ ಕಾಲದ ಉಳಿದ ಬೆಳಕಿನಲ್ಲಿ ಲಕ್ಷಕ್ಕೊಂದು ಪಾಲಿನಷ್ಟು ಸಣ್ಣ ಏರುಪೇರುಗಳಿರುವುದನ್ನು ಅಮೆರಿಕದ ಕೋಬೆ ಉಪಗ್ರಹವು ಗುರುತಿಸಿತೆಂದು ೧೯೯೨ರಲ್ಲಿ ಪ್ರಕಟವಾಯಿತು. ಆ ಏರುಪೇರುಗಳೇ ಮುಂದೆ ನಕ್ಷತ್ರಮಂಡಲಗಳಾದುವು. ಸಾಮ್ಯವನ್ನು ಕದಡಿದ ಈಶ್ವರನು ಇಲ್ಲಿ ಸಿಕ್ಕಿದನೆಂದು ಸಂಭ್ರಮಿಸುವವರು, ನಾಳೆ ಅದಕ್ಕೂ ಪ್ರಾಕೃತವಾದ ಕಾರಣ ದೊರೆತರೆ ಏನು ಮಾಡುವರು? ಅವನ ಮೊದಲ ಮಾತೇ ಮೇಲು: ಸಿದ್ಧವಾಗದಿರುವುದು ಇಲ್ಲದಿರುವುದಲ್ಲ. ಪ್ರಯೋಗಶಾಲೆಯಲ್ಲಿ ಈಶ್ವರನು ಕಾಣನೆಂಬುದು ಪ್ರಯೋಗಶಾಲೆಯ ಪ್ರಮಾಣದ ಎಲ್ಲೆಯನ್ನು ತಿಳಿಸುವುದು. ಅದರಿಂದ ನಾಸ್ತಿಕನಿಗೂ ಜಯವಿಲ್ಲ, ಆಸ್ತಿಕನಿಗೂ ಅಪಜಯವಿಲ್ಲ.

೭

ಈಗ ನಮ್ಮ ತೋಟಗಳಿಗೆ ಬರೋಣ. ಕಾಫಿಯ ಗಿಡದಲ್ಲಿ ಮಳೆಗಾಲ ಕಳೆದ ಮೇಲೆ ಎಲೆಯ ಬುಡಗಳಲ್ಲಿ ಮೊಗ್ಗು ಕಟ್ಟುವುದು. ಚಳಿಗಾಲದ ಒಣಹವೆಯಲ್ಲಿ ಅದು ಬೆಳೆಯದೆ ನಿದ್ರಿಸುವುದು. ಮಾರ್ಚಿ ಏಪ್ರಿಲಿನಲ್ಲಿ ಒಂದು ಅಂಗುಲದಷ್ಟು ಹೂಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ಬೆಟ್ಟವೆಲ್ಲ ಒಂದೇ ಬೆಳಗ್ಗೆ ಬೆಳ್ಳಗಾಗಿ ಮಲ್ಲಿಗೆಯಂತಹ ಪರಿಮಳ ಹಬ್ಬುವುದು. ಹೂವನ್ನು ಮಳೆ ಮಾಡಿತೆ? ಹೂವು ಮೊಗ್ಗಿನಲ್ಲಿ ಇದ್ದಿತು. ಮಳೆ ತಡೆಯನ್ನು ತೆಗೆಯಿತು. ವರಣಭೇದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನವನ್ನು ನಾವು ಕಾಣೆವು. ತಡೆಯೂ ವ್ಯರ್ಥವಲ್ಲ. ಸದಾ ನೀರುಂಡ ಗಿಡ ಹೀಗೆ ಅರಳದು, ಮೊಗ್ಗು ಹದಗೊಳ್ಳಲು ಒಣಗಿನ ಕಷ್ಟವೂ ಬೇಕೆಂದು ೧೯೬೦ರಲ್ಲಿ ಆಲ್ವಿಮ್ ಎಂಬ ಸಸ್ಯಶಾಸ್ತ್ರಜ್ಞನು ತೋರಿಸಿದನು.

ಆದರೆ ಈ ದೃಷ್ಟಾಂತವು ನಮಗೆ ಇನ್ನೊಂದು ಪಾಠವನ್ನೂ ಹೇಳುವುದು. ಮಳೆಯೂ ಪ್ರಕೃತಿಯೇ. ಅದು ಕಡಲಿನ ಹಸಿಗಾಳಿ ಮತ್ತು ಕಾದ ನೆಲಗಳಿಂದ ಆಗುವುದು. ಮಳೆ ಬಾರದ ವರ್ಷ ತೋಟದವರು ಹಳ್ಳದಿಂದ ಪಂಪಿನಲ್ಲಿ ನೀರೆತ್ತಿ ತುಂತುರು ಹಾಯಿಸಿದರೂ ರೊಬಸ್ಟಾ ಗಿಡ ಅರಳುವುದು; ಪಂಪೂ ಪ್ರಕೃತಿ, ಅದನ್ನು ನಡೆಸುವ ಬುದ್ಧಿಯೂ ಸಾಂಖ್ಯದ ಪ್ರಕಾರ ಪ್ರಕೃತಿ. ತಡೆಯನ್ನು ತೆಗೆದ ಕೈ ಯಾವುದೆಂದು ಹುಡುಕುತ್ತ ಹೋದರೆ, ಪ್ರತಿಯೊಂದು ಸಲವೂ ಸಿಕ್ಕುವುದು ಪ್ರಕೃತಿಯ ಕೈಯೇ. ಆದುದರಿಂದ ವಾಚಸ್ಪತಿಯ ಮಾತನ್ನೂ ಅಕ್ಷರಶಃ ಹಿಡಿದು, ಬದುವನ್ನು ಕಡಿಯುವವರ ಸಾಲಿನಲ್ಲಿ ಈಶ್ವರನನ್ನು ಅರಸಬಾರದು. ಪತಂಜಲಿಯ ಮೌನವೇ ಕೊನೆಗೆ ಹೆಚ್ಚು ವಿವೇಕದ್ದೆಂದು ನಮ್ಮ ಅಭಿಪ್ರಾಯ. ಅವನ ಈಶ್ವರನು ಕಾರಣಗಳ ಸರಪಣಿಯ ಒಂದು ಕೊಂಡಿಯಲ್ಲ. ಮನಸ್ಸು ಶುದ್ಧವಾಗಲೆಂದು ನೆನೆಯಬೇಕಾದ ಗುರು.

ಈ ಅಭಿಪ್ರಾಯಕ್ಕೆ ತೆರಬೇಕಾದ ಬೆಲೆಯನ್ನು ಮುಚ್ಚಿಡುವುದು ಸರಿಯಲ್ಲ. ಶೃಂಗೇರಿಯ ಬಳಿಯ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಸನ್ನಿಧಿಯುಂಟು. ಮಳೆ ಕಟ್ಟಿದಾಗ ಜನರು ಅಲ್ಲಿಗೆ ಹೋಗಿ ಪ್ರಾರ್ಥಿಸುವುದು ಅನೇಕ ಕಾಲದಿಂದ ನಡೆದುಬಂದಿದೆ. ಪಾತಂಜಲದ ಈಶ್ವರನು ಮೋಡವನ್ನು ನೂಕಿಕೊಂಡು ಬರನು. ಮಳೆಗಾಗಿ ಬೇಡುವವನಿಗೆ ಮಧ್ವರ ಹರಿಯಲ್ಲಿ ಆಸರೆ ದೊರೆಯಬಹುದು, ಸಾಂಖ್ಯದಲ್ಲಿ ದೊರೆಯದು. ವರ್ಷದ ಬಾಳೆಲ್ಲ ಒಂದು ಹದಮಳೆಯ ಮೇಲೆ ನಿಂತಿರುವ ಮನೆಯಲ್ಲಿ ಇದು ಹಗುರವಾದ ಮಾತಲ್ಲ. ಆದರೆ ಮಳೆ ಬಂದರೂ ಬಾರದಿದ್ದರೂ ಕೆಡದ ಮನಸ್ಸನ್ನು ಬೇಡುವವನಿಗೆ ಪತಂಜಲಿಯು ಏನನ್ನೋ ಕೊಡಬಲ್ಲನು. ಹಾಗೆ ಬೇಡಿದವನು ನಾಳೆ ಬೆಳಗ್ಗೆ ಮಳೆಯ ಅಳತೆಯ ಪಾತ್ರೆಯನ್ನು ನೋಡುವಾಗ, ಅದರ ಅಂಕಿಯಲ್ಲಿ ತನ್ನ ಭಕ್ತಿಯ ಸೋಲುಗೆಲುವುಗಳನ್ನು ಓದಬೇಕಾಗಿಲ್ಲ.

ಈಶ್ವರನಿಗೆ ಕೆಲಸವೇನೆಂದು ಕೇಳುವ ಮಕ್ಕಳನ್ನು ಗದರಿಸಬಾರದು. ಕಪಿಲನ ಮನೆಯಲ್ಲಿ ಆ ಪ್ರಶ್ನೆ ಬಹು ಹಳೆಯದು. ಎಲ್ಲವೂ ನಮ್ಮಲ್ಲಿತ್ತೆಂದು ಹೇಳಿ ಅವರ ಬಾಯಿಯನ್ನು ಮುಚ್ಚಿಸಲೂ ಬಾರದು. ಪ್ರಕೃತಿಯ ಲೆಕ್ಕವನ್ನು ಪ್ರಕೃತಿಯಿಂದಲೇ ಕಲಿಯಿರಿ, ಎಷ್ಟು ದೂರ ಹೋದರೂ ಅಡ್ಡಿಯಿಲ್ಲ. ಆ ಲೆಕ್ಕವನ್ನು ನೋಡುತ್ತಿರುವವನಾರೆಂಬುದನ್ನೂ ಒಮ್ಮೆ ಕೇಳಿಕೊಳ್ಳಿರಿ, ಎಂದು ಹೇಳಿದರೆ ಸಾಕು. ಸೇಶ್ವರ ಸಾಂಖ್ಯದಿಂದ ನಮ್ಮ ಮನೆಗಳು ಇಂದು ಪಡೆಯಬಹುದಾದ ಉಪದೇಶ ಇಷ್ಟೇ. ಇಷ್ಟು ನೆಲೆಯಾದರೆ ಅದು ಅಲ್ಪವೇನೂ ಅಲ್ಲ.